ಗೋಡೆಯಿಂದ ಕಿತ್ತ ಕೆಂಪು ಪಿನ್ನು

"ಇಟ್ಟಿಗೆ ಗೂಡಿನ ಪಿನ್ನು ಕಿತ್ತಿದ್ದು ಯಾರು?"

ಆ ದನಿ ಕಿವಿಗೆ ಬಿದ್ದದ್ದೇ ತಡ, ಅವಳ ಕೈಯಲ್ಲಿದ್ದ ಚಹಾ ಲೋಟ ಬಾಯಿಗೆ ಹೋಗುವ ದಾರಿಯಲ್ಲೇ ನಿಂತುಬಿಟ್ಟಿತು.

ಈ ದನಿ... ಇದು ಅವನದೇ!

ಎಷ್ಟೋ ತಿಂಗಳಿಂದ ದಿನಾ ಬೆಳಿಗ್ಗೆ ರೇಡಿಯೋ ಸೆಟ್ಟಿನ ಕರಕರ ಸದ್ದಿನ ನಡುವೆ "ಗುಬ್ಬಿ, ಗುಬ್ಬಿ... ಕೊಕ್ಕರೆ ಮಾತಾಡ್ತಿರೋದು" ಎಂದು ಬರುತ್ತಿದ್ದ ದನಿ. ಮುಖ ಮಾತ್ರ ಒಮ್ಮೆಯೂ ಕಂಡಿರಲಿಲ್ಲ. ಇವತ್ತು ಆ ಮುಖ ಬಾಗಿಲಲ್ಲಿ ನಿಂತಿತ್ತು. ತಲೆಯಿಂದ ಕಾಲಿನವರೆಗೆ ಧೂಳು, ಕೆಂಪೇರಿದ ಕಣ್ಣು, ಬಿಗಿದ ದವಡೆ.

ಗಲಭೆ ಶುರುವಾದ ಮೇಲೆ ಮನೆ ಬಿಟ್ಟು ಓಡಿದ ಜನ ಎಲ್ಲೆಲ್ಲಿ ನಿಂತಿದ್ದಾರೆ, ಎಷ್ಟು ಮಂದಿ ಇದ್ದಾರೆ ಎಂದು ಲೆಕ್ಕ ಇಡುವುದು ಅವಳ ಕಚೇರಿಯ ಕೆಲಸ. ಬೈಕಿನಲ್ಲಿ ಸುತ್ತುವ ಅಧಿಕಾರಿಗಳು ಜನರನ್ನು ಎಣಿಸಿ ರೇಡಿಯೋದಲ್ಲಿ ಹೇಳುತ್ತಾರೆ. ಅವಳು ಗೋಡೆಯ ದೊಡ್ಡ ನಕ್ಷೆಯ ಮೇಲೆ ಕೆಂಪು ಪಿನ್ನು ಚುಚ್ಚುತ್ತಾಳೆ. ಪಿನ್ನು ಇದ್ದಲ್ಲಿಗೆ ನೀರು, ಔಷಧ, ಡೇರೆ ಹೋಗುತ್ತವೆ. ರೇಡಿಯೋದಲ್ಲಿ ಯಾರೂ ಹೆಸರು ಹೇಳುವಂತಿಲ್ಲ. ಜಾಗಗಳಿಗೆಲ್ಲ ನಂಬರು, ಮನುಷ್ಯರಿಗೆಲ್ಲ ಹಕ್ಕಿಯ ಹೆಸರು. ಅವಳು ಗುಬ್ಬಿ. ಉದ್ದ ಕಾಲಿನ ಅವನು ಕೊಕ್ಕರೆ.

"ನಾನೇ... ನಾನೇ ಕಿತ್ತಿದ್ದು" ಎಂದಳು.

ಅವನಿಗೂ ದನಿಯ ಗುರುತು ಸಿಕ್ಕಿತ್ತು.

"ನೀವು... ಗುಬ್ಬಿ?"

"ಹೂಂ."

ಅರೆಗಳಿಗೆ ಅವನ ಮುಖ ಮೆತ್ತಗಾಯಿತು. ಆಮೇಲೆ ಮೊದಲಿಗಿಂತ ಗಟ್ಟಿಯಾಯಿತು.

"ಬೇರೆ ಯಾರಾದ್ರೂ ಮಾಡಿದ್ರೆ ಬೈದು ಹೋಗ್ತಿದ್ದೆ. ನೀವಾ? ಆ ಜನರನ್ನ ಅಲ್ಲಿ ಕೂರಿಸಿದ್ದು ನಾನು. 'ನಕ್ಷೆ ಮೇಲೆ ಪಿನ್ನು ಬಿತ್ತು ಅಂದ್ರೆ ನೀರು ಬಂತು ಅಂತ ತಿಳ್ಕೊಳ್ಳಿ' ಅಂತ ಮಾತು ಕೊಟ್ಟು ನದಿ ಆಚೆ ಹೋದೆ. ವಾಪಸ್ ಬಂದು ನೋಡಿದ್ರೆ ಒಂದು ಟ್ಯಾಂಕರ್ ಕೂಡ ಬಂದಿಲ್ಲ! ಮಕ್ಕಳು ಗುಂಡಿ ಕೆಸರನ್ನ ಬಟ್ಟೇಲಿ ಹಿಂಡಿ ಕುಡೀತಿದಾರೆ. ನನ್ನ ಅಕ್ಕ ಅಲ್ಲಿದಾಳೆ. ದಿನ ತುಂಬಿದ ಬಸುರಿ!"

ನೀರು ಹೋಗಿಲ್ವಾ?

ಕೋಣೆಯ ಇನ್ನೊಂದು ಬದಿಯಲ್ಲಿ ಪತ್ರಿಕೆಯವರು ಗೋಡೆಯ ಚಿತ್ರ ತೆಗೆಯುತ್ತಿದ್ದರು. ಹಿಂದೆ ಹೀಗೇ ತೆಗೆದ ಚಿತ್ರ ನೋಡಿಕೊಂಡು ಬಂದೂಕಿನವರು ಒಂದು ಶಾಲೆಗೆ ನುಗ್ಗಿ ಬೆಂಕಿ ಇಟ್ಟಿದ್ದರು. ಪಿನ್ನಿನ ಗುರುತು ಹಿಡಿದೇ ಬಂದಿದ್ದರು. ಆ ಸುದ್ದಿ ಬಂದ ಮಧ್ಯಾಹ್ನವೇ ಅವಳು ಅದೇ ರಸ್ತೆಯಲ್ಲಿ ಆಗಷ್ಟೇ ಚುಚ್ಚಿದ್ದ ಇಟ್ಟಿಗೆ ಗೂಡಿನ ಪಿನ್ನನ್ನು ಕಿತ್ತಿದ್ದಳು. ಮುಖ್ಯಸ್ಥರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಅದನ್ನು ಇಷ್ಟು ಜನರ ಮುಂದೆ ಹೇಗೆ ಹೇಳುವುದು? ಆ ಸೀಮೆಯಲ್ಲಿ ಇಟ್ಟಿಗೆ ಗೂಡುಗಳು ಹತ್ತಾರು; ಯಾವುದೆಂದು ಇನ್ನೂ ಯಾರಿಗೂ ಗೊತ್ತಾಗಿಲ್ಲ.

"ಇಲ್ಲಿ ಮಾತಾಡೋದು ಬೇಡ" ಎಂದಳು. ಹೆದರಿದಾಗ ಅವಳ ದನಿ ತಣ್ಣಗಾಗುತ್ತದೆ. ಅದು ಅವಳ ಹಣೆಬರಹ.

"ಓಹೋ! ಇಲ್ಲಿ ಬೇಡ್ವಾ?" ಅವನು ಕಹಿಯಾಗಿ ನಕ್ಕ. "ಸರಿ. ನಾಳೆ ಬೆಳಿಗ್ಗೆ ರೇಡಿಯೋದಲ್ಲೇ ಮಾತಾಡ್ತೀನಿ. ನಂಬರಲ್ಲ, ಹೆಸರು ಹಿಡಿದು ಕೂಗ್ತೀನಿ. ಯಾವನಾದ್ರೂ ಒಬ್ಬ ಪುಣ್ಯಾತ್ಮ ಕೇಳಿಸ್ಕೊಂಡು ನೀರು ತರ್ತಾನೆ."

"ಬೇಡ! ನಿಲ್ಲಿ..."

ಅವಳು ಮೆಟ್ಟಿಲಿಳಿದು ಗೇಟಿಗೆ ಬರುವಷ್ಟರಲ್ಲಿ ಬೈಕು ಧೂಳೆಬ್ಬಿಸಿಕೊಂಡು ತಿರುವು ದಾಟಿತ್ತು.

ಅವಳು ನೇರ ಟ್ಯಾಂಕರ್ ಶೆಡ್ಡಿಗೆ ಓಡಿದಳು. ಅಲ್ಲಿನ ಹಿರಿಯ ಚಾಲಕನನ್ನು ಎಲ್ಲರೂ ಮಾಮ ಎನ್ನುತ್ತಿದ್ದರು.

"ಮಾಮ, ಇಟ್ಟಿಗೆ ಗೂಡಿಗೆ ನೀರು ಹೋಗ್ತಿದೆ ತಾನೇ? ಮುಖ್ಯಸ್ಥರು ಹೇಳಿರ್ಬೇಕಲ್ಲ?"

"ಯಾವ ಗೂಡು ತಾಯಿ? ನಮಗೆ ಹೇಳೋರು ಯಾರು? ನಿಮ್ಮ ಗೋಡೆ ನೋಡೇ ನಾವು ಗಾಡಿ ಬಿಡೋದು. ಪಿನ್ನಿಲ್ಲ ಅಂದ್ರೆ ಜನ ಇಲ್ಲ ಅಂತ."

ಮುಖ್ಯಸ್ಥರು ಹೇಳಿರುತ್ತಾರೆ ಎಂದು ಅವಳು. ಅವಳೇ ಹೇಳಿರುತ್ತಾಳೆ ಎಂದು ಮುಖ್ಯಸ್ಥರು ಅಂದುಕೊಂಡಿರಬೇಕು. ಬಂದೂಕಿನಿಂದ ಅಡಗಿಸಲು ಹೋಗಿ ಆ ಜನರನ್ನು ನೀರಿನಿಂದಲೂ ಅಡಗಿಸಿಬಿಟ್ಟಿದ್ದರು!

ಕೆಟ್ಟ ಮೇಲೆ ಬುದ್ಧಿ ಬಂತು... ಅಯ್ಯೋ, ಅಟ್ಟ ಮೇಲೆ ಒಲೆ ಉರೀತು!

"ಈಗಲೇ ಹೊರಡೋಣ ಮಾಮ!"

"ಎಲ್ಲಾ ಗಾಡಿ ಖಾಲಿ ತಾಯಿ. ಸಂಜೆ ಮೇಲೆ ಊರಾಚೆ ರಸ್ತೇನೂ ಮುಚ್ತಾರೆ. ಬೆಳಗಾಗ್ತಿದ್ದ ಹಾಗೆ ತುಂಬಿಸಿ ಇಟ್ಟಿರ್ತೀನಿ. ದಾರಿ ಹೇಳಿ, ಸಾಕು."

ದಾರಿ ಬಾಯಲ್ಲಿ ಹೇಳಿದರೆ ಇನ್ನೊಂದು ಕಿವಿಗೆ ಬೀಳುತ್ತದೆ.

"ನಾನೇ ಬರ್ತೀನಿ" ಎಂದುಬಿಟ್ಟಳು.

ಸಂಜೆ ಚಿಕ್ಕಮ್ಮ ಹೊಲಿಗೆ ಯಂತ್ರದ ಮುಂದೆ ಕೂತು, ದಾರದ ತುದಿಯನ್ನು ಹಲ್ಲಿನಿಂದ ಕಡಿಯುತ್ತ ಇವಳನ್ನೇ ನೋಡಿದಳು.

"ಏನೇ, ಮುಖ ಹರಳೆಣ್ಣೆ ಕುಡಿದ ಹಾಗಿದೆ? ನಿನ್ನ ರೇಡಿಯೋದವನು ಇವತ್ತು ಮಾತಾಡಲಿಲ್ವಾ?"

"ಮಾತಾಡಿದ ಚಿಕ್ಕಮ್ಮ. ಎದುರೇ ಬಂದು ಮಾತಾಡಿದ."

"ಹೌದಾ! ನೋಡೋಕೆ ಹೇಗಿದಾನೆ?"

"ಚಿಕ್ಕಮ್ಮ!" ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ನಡೆದದ್ದನ್ನೆಲ್ಲ ಹೇಳಿದಳು, ಜಾಗದ ಹೆಸರೊಂದನ್ನು ಬಿಟ್ಟು.

ಯಂತ್ರದ ಸದ್ದು ನಿಂತಿತು.

"ಹೋಗಬೇಡ ಅನ್ನಬೇಕು ನಾನು. ನಿಮ್ಮಮ್ಮ ಇದ್ದಿದ್ರೆ ಹಾಗೇ ಅಂತಿದ್ಲು" ಎಂದಳು ಚಿಕ್ಕಮ್ಮ. "ಆದ್ರೆ ಹೋಗದೆ ಇದ್ರೆ ನೀನು ಈ ಮನೇಲಿ ಒಂದು ಲೋಟ ನೀರು ನೆಮ್ಮದಿಯಾಗಿ ಕುಡೀತೀಯಾ? ಇಲ್ಲ. ಗಟ್ಟಿ ಚಪ್ಪಲಿ ಹಾಕ್ಕೊಂಡು ಹೋಗು."

ಬೆಳಿಗ್ಗೆ. ಹೊರಗೆ ಟ್ಯಾಂಕರ್ ಗುರುಗುಡುತ್ತಿತ್ತು. ಅವಳು ರೇಡಿಯೋ ಮುಂದೆ ಕೂತಿದ್ದಳು. ಪಕ್ಕದಲ್ಲಿ ಮುಖ್ಯಸ್ಥರು ಅಪರಾಧಿಯಂತೆ ನಿಂತಿದ್ದರು.

ಕರಕರ...

"ಗುಬ್ಬಿ, ಗುಬ್ಬಿ. ಕೊಕ್ಕರೆ ಮಾತಾಡ್ತಿರೋದು. ಇವತ್ತು ನಂಬರ್ ಹೇಳಲ್ಲ. ಎಲ್ಲರೂ ಕೇಳಿಸ್ಕೊಳ್ಳಿ. ನೀರಿಲ್ಲದೆ ಸಾಯ್ತಿರೋ ಜನ ಇರೋದು..."

ಮುಖ್ಯ ಕಚೇರಿಯ ಸೆಟ್ಟು ದೊಡ್ಡದು. ಅದರ ಗುಂಡಿ ಒತ್ತಿ ಹಿಡಿದರೆ ಉಳಿದ ಸೆಟ್ಟುಗಳ ದನಿಯೆಲ್ಲ ಅದರಡಿ ಮುಚ್ಚಿಹೋಗುತ್ತದೆ.

ಅವಳು ಗುಂಡಿ ಒತ್ತಿದಳು. ಹೆಬ್ಬೆರಳು ಬಿಳಿಚಿಕೊಳ್ಳುವಷ್ಟು ಜೋರಾಗಿ.

ಅವನು ಅಲ್ಲೆಲ್ಲೋ ಕೂಗುತ್ತಲೇ ಇರುತ್ತಾನೆ. ಯಾರಿಗೂ ಕೇಳಿಸುವುದಿಲ್ಲ. ಅವನ ಬಾಯಿಯನ್ನು ತಾನೇ ಕೈಯಾರೆ ಮುಚ್ಚುತ್ತಿದ್ದೇನೆ ಅನ್ನಿಸಿ ಕಣ್ಣು ತುಂಬಿತು. ಅವನ ಕೂಗು ಮುಗಿದಿರಬೇಕು ಅನ್ನಿಸುವವರೆಗೆ ಸುಮ್ಮನೆ ಹಿಡಿದಳು. ಆಮೇಲೆ, ಗುಂಡಿ ಬಿಡದೆ, ಮಾತಾಡಿದಳು.

"ಕೊಕ್ಕರೆ... ಗುಬ್ಬಿ ಮಾತಾಡ್ತಿರೋದು. ಇಷ್ಟು ದಿನ ನೀವು ಹೇಳಿದ್ದನ್ನೆಲ್ಲ ನಾನು ನಂಬಿದೆ. ಒಂದು ಸಲವೂ 'ನಿಜಾನಾ' ಅಂತ ಕೇಳಲಿಲ್ಲ. ಇವತ್ತೊಂದು ದಿನ ನೀವು ನನ್ನನ್ನ ನಂಬಿ. ಹೆಸರು ಹೇಳಬೇಡಿ. ದಯವಿಟ್ಟು."

ಗುಂಡಿ ಬಿಟ್ಟಳು.

ಕರಕರ... ಕರಕರ... ಉತ್ತರವೇ ಇಲ್ಲ.

ನಂಬಿದನೋ? ಸೆಟ್ಟು ಎತ್ತಿ ಎಸೆದನೋ?

"ಸರ್, ಮತ್ತೆ ಅವರ ದನಿ ಬಂದ್ರೆ ಗುಂಡಿ ಒತ್ತಿಬಿಡಿ."

"ಒತ್ತಿಕೊಂಡೇ ಕೂತಿರ್ತೀನಮ್ಮ. ನೀನು ಹೊರಡು" ಎಂದರು ಮುಖ್ಯಸ್ಥರು.

ಕವಲುದಾರಿಯಲ್ಲಿ ಮರದ ದಿಮ್ಮಿ ಅಡ್ಡ ಬಿದ್ದಿತ್ತು. ನಾಲ್ಕೈದು ಜನ, ಹೆಗಲಲ್ಲಿ ಬಂದೂಕು.

"ಮಾಮ..."

"ಉಸಿರಾಡಿ ತಾಯಿ. ನೀವು ಉಸಿರು ಬಿಗಿ ಹಿಡಿದ್ರೆ ಅವರಿಗೂ ಕೇಳ್ಸುತ್ತೆ."

ತೆಳ್ಳಗಿನ ಮನುಷ್ಯನೊಬ್ಬ ಕಿಟಕಿಗೆ ಬಂದ.

"ಎಲ್ಲಿಗೆ?"

ಅವಳು ಬಾಯಿ ತೆರೆಯುವ ಮೊದಲೇ ಅವನು ಜೇಬಿನಿಂದ ಮಡಚಿದ ಪತ್ರಿಕೆಯ ತುಂಡು ತೆಗೆದ. ಅವಳದೇ ಗೋಡೆಯ ಚಿತ್ರ, ನಿನ್ನೆ ತೆಗೆದದ್ದು! ಅವಳು ಚುಚ್ಚಿದ ಪಿನ್ನುಗಳೆಲ್ಲ ಅವನ ಅಂಗೈಯಲ್ಲಿದ್ದವು.

"ಈ ರಸ್ತೇಲಿ ಜನಾನೇ ಇಲ್ವಲ್ಲ? ನೀರು ಯಾರಿಗೆ?"

ಅವಳು ಹುಟ್ಟಿದಾಗಿನಿಂದ ನೆಟ್ಟಗೆ ಒಂದು ಸುಳ್ಳು ಹೇಳಿದವಳಲ್ಲ.

"ಯಾರಿಗೂ ಇಲ್ಲ" ಎಂದಳು. ದನಿ ತಣ್ಣಗೆ ಬಂತು. ಇವತ್ತು ಅದೇ ಬೇಕಿತ್ತು. "ಕೆಟ್ಟ ನೀರು ಇದು. ಊರೊಳಗೆ ಚೆಲ್ಲಿದ್ರೆ ಕಾಯಿಲೆ ಹಬ್ಬುತ್ತೆ. ಜನ ಇಲ್ಲದ ಕಡೆ ಚೆಲ್ಲಿ ಬಾ ಅಂತ ಕಳಿಸಿದಾರೆ. ಇಲ್ಲಿ ಪಿನ್ನಿಲ್ಲ. ಅದಕ್ಕೇ ಇಲ್ಲಿಗೆ ಬಂದಿದ್ದು."

ಅವನು ಅವಳ ಕಣ್ಣನ್ನೇ ನೋಡಿದ. ಆಮೇಲೆ ಹಿಂದೆ ಹೋಗಿ ನಲ್ಲಿ ತಿರುಗಿಸಿ, ಬೊಗಸೆಗೆ ನೀರು ಹಿಡಿದು ಮೂಗಿಗೆ ತಂದ. ಟ್ಯಾಂಕರ್ ನೀರಿಗೆ ಹಾಕುವ ಔಷಧದ ಘಾಟು ಕಿಟಕಿಯವರೆಗೂ ಬಂತು.

"ಥೂ!"

"ಕುಡಿದು ನೋಡ್ತೀರಾ ಅಣ್ಣ?" ಮಾಮ ಕಿಟಕಿಯಿಂದ ತಲೆ ಹಾಕಿದ. "ನಿನ್ನೆ ನಾನು ಕುಡಿದೆ. ರಾತ್ರಿಯೆಲ್ಲ ಚೊಂಬು ಹಿಡ್ಕೊಂಡೇ ಸಂಸಾರ!"

ಉಳಿದವರು ಗೊಳ್ಳೆಂದು ನಕ್ಕರು. ತೆಳ್ಳಗಿನವನು ಕೈ ಒರೆಸಿಕೊಳ್ಳುತ್ತ ದಿಮ್ಮಿಯತ್ತ ಸನ್ನೆ ಮಾಡಿದ.

ದಿಮ್ಮಿ ಸರಿಯಿತು. ತಿರುವು ದಾಟಿ ದಿಬ್ಬ ಇಳಿದರು. ಆಮೇಲೆ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ಅಳಿ ತಾಯಿ, ಅಳಿ" ಎಂದ ಮಾಮ. "ನಂಗೂ ಅಳು ಬರ್ತಿದೆ. ಸ್ಟೀರಿಂಗ್ ಬಿಡೋ ಹಾಗಿಲ್ಲ ಅಷ್ಟೆ."

ಹೊಗೆಯಿಲ್ಲದ ಹಳೆಯ ಚಿಮಣಿಯ ಬುಡದಲ್ಲಿ ಟ್ಯಾಂಕರ್ ನಿಂತಾಗ ಮೊದಲು ಯಾರೂ ಕಾಣಲಿಲ್ಲ. ನಲ್ಲಿಯ ಸದ್ದು ಕೇಳಿದ ಮೇಲೆ ಗೂಡಿನ ಕಮಾನುಗಳಿಂದ ಒಬ್ಬೊಬ್ಬರೇ ಹೊರಬಂದರು. ಬಿಂದಿಗೆ, ಡಬ್ಬ, ಬೋಗುಣಿ, ಬರಿಗೈ... ಒಂದು ಪುಟ್ಟ ಹುಡುಗಿ ನಲ್ಲಿಗೇ ಬಾಯಿ ಕೊಟ್ಟಳು.

ಅವಳು ಕಣ್ಣಲ್ಲೇ ಹುಡುಕಿದಳು. ಗೋಡೆಗೆ ಒರಗಿದ ಬೈಕು. ಅದರ ಪಕ್ಕ ಅವನು.

ಅವನು ಹತ್ತಿರ ಬರಲಿಲ್ಲ. ಅವಳೇ ಹೋದಳು.

"ಹೆಸರು ಎರಡು ಸಲ ಕೂಗಿದೆ. ಕೇಳಿಸ್ತಾ?" ದನಿ ಒಣಗಿತ್ತು.

"ಇಲ್ಲ. ಗುಂಡಿ ಒತ್ತಿಕೊಂಡೇ ಇದ್ದೆ. ಯಾರಿಗೂ ಕೇಳಿಸಿಲ್ಲ."

"ಆಮೇಲೆ ನಿಮ್ಮ ದನಿ ಬಂತು. ನಂಬಿ ಅಂದ್ರಿ. ಉತ್ತರ ಕೊಡೋಕೂ ಕೋಪ... ಆದ್ರೆ ಮತ್ತೆ ಗುಂಡಿ ಒತ್ತೋಕೆ ಕೈ ಬರಲಿಲ್ಲ. ಯಾಕೆ ಅಂತ ಈಗಲಾದ್ರೂ ಹೇಳ್ತೀರಾ?"

ಅವಳು ಎಲ್ಲವನ್ನೂ ಹೇಳಿದಳು. ಸುಟ್ಟ ಶಾಲೆ, ಗೋಡೆಯ ಚಿತ್ರ, ಕವಲುದಾರಿಯವನ ಅಂಗೈಯಲ್ಲಿದ್ದ ಪತ್ರಿಕೆಯ ತುಂಡು. ಕೇಳುತ್ತ ಕೇಳುತ್ತ ಅವನ ಮುಖದ ರಕ್ತವೇ ಇಳಿದುಹೋಯಿತು.

"ನಾನು ಕೂಗಿದ್ದು ಕೇಳಿಸಿದ್ದಿದ್ರೆ..."

"ಕೇಳಿಸಿಲ್ಲ ಅಲ್ವಾ."

"ನನ್ನ ಅಕ್ಕನನ್ನ ನಾನೇ..."

"ಸಾಕು! ನಂದೂ ತಪ್ಪಿದೆ. ಪಿನ್ನು ಕಿತ್ತಿದ್ದು ಸರಿ. ಟ್ಯಾಂಕರಿನವರಿಗೆ ಹೇಳದೇ ಇದ್ದದ್ದು ನನ್ನ ತಪ್ಪು. ಆ ಮಕ್ಕಳು ಕೆಸರು ಕುಡಿದಿದ್ದು ನನ್ನಿಂದ. ಅದಕ್ಕೆ ಕ್ಷಮೆ ಕೇಳೋಕೆ ಬಂದೆ."

"ಏನೋ ಅದು, ನೀರು ತಂದವಳನ್ನ ಬಿಸಿಲಲ್ಲಿ ನಿಲ್ಸಿ ಪಂಚಾಯ್ತಿ?" ಕಮಾನಿನೊಳಗಿಂದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅವನ ಅಕ್ಕ ನಿಧಾನವಾಗಿ ಬಂದಳು. ತುಟಿ ಒಡೆದಿತ್ತು, ಕಣ್ಣಲ್ಲಿ ಮಾತ್ರ ತುಂಟತನ. "ಇವಳೇನಾ ನಿನ್ನ ಗುಬ್ಬಿ?"

"ಅಕ್ಕಾ, ಸುಮ್ನಿರು!"

"ಯಾಕೆ ಸುಮ್ನಿರ್ಲಿ? ಕೇಳಮ್ಮ, ಇವನು ದಿನಾ ಬೆಳಿಗ್ಗೆ ತಲೆ ಬಾಚ್ಕೊಂಡು ರೇಡಿಯೋ ಮುಂದೆ ಕೂರ್ತಾನೆ. ರೇಡಿಯೋಗೆ ಕಣ್ಣಿದ್ಯೇನೋ ಅಂತ ಕೇಳಿದ್ರೆ ಸಿಟ್ಟು ಬರುತ್ತೆ ಮಹಾರಾಯನಿಗೆ!"

ಹೇಳಿ, ತುಂಬಿದ ಲೋಟ ಹಿಡಿದು ಒಳಗೆ ಹೋದಳು.

ಅವನ ಕಿವಿ ಕೆಂಪಾಗಿತ್ತು. ಅವಳು ನೆಲ ನೋಡಿದಳು.

"ನನಗೂ ನಿಮ್ಮ ಮೇಲೆ ಒಂದು ಕೋಪ ಇದೆ" ಎಂದಳು ಮೆಲ್ಲಗೆ.

"ಹೇಳಿ. ನಿನ್ನೆ ಕೂಗಾಡಿದ್ದಕ್ಕಾ?"

"ಅಲ್ಲ. ಇಷ್ಟು ತಿಂಗಳು ಊರಿನವರ ಲೆಕ್ಕವೆಲ್ಲ ಹೇಳಿದ್ರಿ. ಯಾರು ಎಲ್ಲಿ ಮಲಗಿದ್ರು, ಯಾರಿಗೆ ಜ್ವರ... ನೀವು ಹೇಗಿದೀರಿ ಅಂತ ಒಂದು ದಿನ ಹೇಳಲಿಲ್ಲ. ನಿಮ್ಮ ದನಿ ಬರೋದು ಸ್ವಲ್ಪ ತಡವಾದ್ರೂ ಇಲ್ಲೊಬ್ಬಳಿಗೆ ಜೀವ ಬಾಯಿಗೆ ಬರುತ್ತೆ ಅಂತ ನಿಮಗೆ ಗೊತ್ತಾ?"

"ನೀವು ಕೇಳಿದ್ರೆ ಹೇಳ್ತಿದ್ದೆ" ಎಂದ ಅವನು.

"ಈಗ ಕೇಳ್ತಿದೀನಿ."

"ಈಗಾ?" ಅವನ ನಗು ಅರ್ಧಕ್ಕೇ ನಿಂತು, ಕಣ್ಣು ಒದ್ದೆಯಾಯಿತು. "ಸುಸ್ತಾಗಿದೆ ಗುಬ್ಬಿ. ನದಿ ದಾಟಿ ಬಂದ ಮೇಲೆ ಕಣ್ಣು ಮುಚ್ಚಿಲ್ಲ. ಮುಚ್ಚಿದ್ರೆ ಯಾರಾದ್ರೂ ಬಂದುಬಿಡ್ತಾರೇನೋ ಅಂತ ಭಯ. ಆಗೆಲ್ಲ ನಿನ್ನ ದನಿ ನೆನೆಸ್ಕೊಳ್ತೀನಿ. ಬೇರೆ ಏನೂ ಇಲ್ಲ ನನ್ನ ಹತ್ರ, ಅದೊಂದೇ."

ಅವಳು ಗೂಡಿನ ನೆರಳಿನಲ್ಲಿ, ಇಟ್ಟಿಗೆಯ ರಾಶಿಗೆ ಒರಗಿ ಕೂತಳು. ಪಕ್ಕದ ಮಣ್ಣನ್ನು ಕೈಯಿಂದ ಸವರಿ ಜಾಗ ಮಾಡಿದಳು.

"ಬಾ. ಟ್ಯಾಂಕರ್ ಖಾಲಿಯಾಗೋವರೆಗೂ ಮಲಗು."

"ರಸ್ತೆ ಯಾರು ನೋಡ್ತಾರೆ?"

"ನಾನು. ನನ್ನಷ್ಟು ಹೆದರುಪುಕ್ಕಲಿ ಈ ದೇಶದಲ್ಲೇ ಇಲ್ಲ. ಒಂದು ಎಲೆ ಅಲ್ಲಾಡಿದ್ರೂ ಎಬ್ಬಿಸ್ತೀನಿ."

ಅವನು ಕೂತ. ಕೂತವನ ತಲೆ ತಾನಾಗಿಯೇ ಅವಳ ಹೆಗಲಿಗೆ ಬಂತು.

"ನಾಳೆಯೂ ಹೀಗೇ ನೋಡ್ಕೊಳ್ತೀಯಾ?" ಅರೆನಿದ್ದೆಯಲ್ಲಿ ಕೇಳಿದ.

"ಮಲಗು ಅಂದೆ ಅಲ್ವಾ" ಎಂದಳು ಅವಳು, ರಸ್ತೆಯ ಮೇಲಿನ ಕಣ್ಣು ತೆಗೆಯದೆ. "ನಾಳೆ, ನಾಡಿದ್ದು, ಆಮೇಲಿನದು... ಎಲ್ಲ ನೋಡ್ಕೊಳ್ತೀನಿ."