ಎಡಭುಜದ ಗಂಟು

"ಅಯ್ಯೋ, ಬಿಡಿ ಅಕ್ಕಾ! ನಾನೇನು ಹಿಟ್ಟಾ, ಹೀಗೆ ನಾದೋಕೆ?"

ಬೆಂಚಿನ ಮೇಲೆ ಬೋರಲಾಗಿ ಮಲಗಿದ್ದ ಹುಡುಗಿ ಕೂಗಿದಳು. ಹನ್ನೊಂದು ವರ್ಷದ ಅವಳನ್ನು ಮೈದಾನದಲ್ಲಿ ಎಲ್ಲರೂ ಪಟಾಕಿ ಎನ್ನುತ್ತಿದ್ದರು. ಮೂರು ಚಕ್ರದ ರೇಸ್ ಗಾಲಿಕುರ್ಚಿಯಲ್ಲಿ ನೂರು ಮೀಟರ್ ಹಾರುವುದರಲ್ಲೂ ಪಟಾಕಿ, ಸಿಟ್ಟಿನಲ್ಲೂ ಪಟಾಕಿ.

ಫಿಸಿಯೋ ಅಕ್ಕ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡಳು. ಬಿಗಿದ ಸ್ನಾಯು ಸಡಿಲವಾಗಲೆಂದು ಮತ್ತೆ ಭುಜದ ಹಿಂದೆ ಹೆಬ್ಬೆರಳು ಊರಿದಳು.

"ಮೂರು ವಾರದಿಂದ ಒತ್ತುತ್ತಾನೇ ಇದ್ದೀರಿ. ಇಪ್ಪತ್ತೆರಡು ಸೆಕೆಂಡ್ ಇದ್ದ ಟೈಮ್ ಇಪ್ಪತ್ಮೂರಾಯ್ತು! ನಾಳೆ ಟೀಮ್ ಸೆಲೆಕ್ಷನ್. ಹೋದ್ರೆ ನಿಮ್ಮಿಂದಾನೇ!"

"ಬೈಯೋದಾದ್ರೆ ಉಸಿರು ಬಿಟ್ಟು ಬೈಯಮ್ಮಾ. ಹೀಗೆ ಬಿಗಿ ಹಿಡಿದ್ರೆ ನನ್ನ ಬೆರಳೇ ಮುರಿಯುತ್ತೆ."

ಪಟಾಕಿಗೆ ನಗು ಬರಲಿಲ್ಲ. ಮೈಯೆಲ್ಲ ಉರಿಯಿತು.

ಅಕ್ಕನ ಬೆರಳು ನಿಂತಿತು. "ವಿಚಿತ್ರ ಕಣೇ. ಬಲಗಡೆ ಸಡಿಲವಾಗಿದೆ. ಎಡಗಡೆ ಮಾತ್ರ ಪ್ರತಿಸಲ ಹೊಸ ಗಂಟು. ಮೈದಾನ ಬಿಟ್ಟು ಬೇರೆಲ್ಲಾದ್ರೂ ಓಡಿಸ್ತೀಯಾ?"

"ಇಲ್ಲ!"

ಅಷ್ಟು ಜೋರಾಗಿ ಹೇಳಬಾರದಿತ್ತು.

ಕೋಚ್ ಬೇಡವೆಂದಿದ್ದರೂ ಅವಳು ದಿನಾ ಸಂಜೆ ಮನೆಯಲ್ಲಿ ಬಳಸುವ ಗಾಲಿಕುರ್ಚಿಯಲ್ಲಿ, ಮನೆ ಮುಂದಿನ ರಸ್ತೆಯಲ್ಲಿ ಇಪ್ಪತ್ತು ಸಲ ಓಡಿಸುತ್ತಿದ್ದಳು. ನೀರು ಹರಿದುಹೋಗಲೆಂದು ಆ ರಸ್ತೆ ನಡುವೆ ಉಬ್ಬಿ, ಎರಡೂ ಅಂಚಿಗೆ ಇಳಿಜಾರಾಗಿತ್ತು. ಹೋಗುವಾಗಲೂ ಎಡ ಅಂಚು, ಬರುವಾಗಲೂ ಎಡ ಅಂಚು. ಕುರ್ಚಿ ಚರಂಡಿಗೆ ಜಾರದಂತೆ ಎಡಗೈಯೇ ಹೆಚ್ಚು ತಳ್ಳಬೇಕಿತ್ತು.

ಅಂದರೆ, ಅಕ್ಕ ಇಲ್ಲಿ ಬಿಚ್ಚಿದ್ದನ್ನು ಅವಳು ಅಲ್ಲಿ ಕಟ್ಟುತ್ತಿದ್ದಳು.

"ನಮ್ಮ ರಸ್ತೇಲಿ," ಎಂದಳು ದಿಂಬಿಗೆ ಮುಖ ಒತ್ತಿ. "ದಿನಾ."

ಅಕ್ಕ ಗದರಲಿಲ್ಲ. "ನೋಯ್ತಿರಲಿಲ್ವಾ?"

"ನೋಯ್ತಿತ್ತು. ಸೋಲೋದು ಇನ್ನೂ ನೋಯುತ್ತೆ."

ಅಕ್ಕ ಭುಜದಿಂದ ಕೈ ತೆಗೆದಳು. "ಈ ಭುಜಕ್ಕೆ ಹತ್ತು ದಿನ ರೆಸ್ಟ್ ಬೇಕು, ಪುಟ್ಟಾ. ಕೋಚ್‌ಗೆ ನಾನು ಹೇಳ್ಲಾ?"

"ಬೇಡ!"

ಪಟಾಕಿ ಕುರ್ಚಿಗೆ ಜಾರಿ ಕೂತು ಬಾಗಿಲಿಗೆ ಬಂದಳು. ಹೊರಗೆ ಕೋಚ್ ನಾಳೆಯ ಪಟ್ಟಿ ಬರೆಯುತ್ತಿದ್ದರು.

"ಸರ್, ನನ್ನ ಹೆಸರು ಹೊಡೆದುಹಾಕಿ."

"ಯಾಕೇ? ಫಿಸಿಯೋ ಏನಾದ್ರೂ..."

"ಅವರದ್ದೇನೂ ತಪ್ಪಿಲ್ಲ! ಕದ್ದು ಪ್ರಾಕ್ಟೀಸ್ ಮಾಡಿ ಭುಜ ಹಾಳು ಮಾಡ್ಕೊಂಡಿದ್ದು ನಾನೇ."

ಕೋಚ್ ಪೆನ್ನು ಜೇಬಿಗಿಟ್ಟರು. ಅವಳ ಹಿಂದೆ ಬಂದು ಕುರ್ಚಿಯ ಹಿಡಿಕೆ ಹಿಡಿದರು. ನಿನ್ನೆಯಾಗಿದ್ದರೆ "ಮುಟ್ಬೇಡಿ, ನಾನೇ ಹೋಗ್ತೀನಿ" ಎಂದು ಸಿಡಿಯುತ್ತಿದ್ದಳು.

ಸಿಟ್ಟು ಈಗಲೂ ಇತ್ತು. ಆದರೂ ಪಟಾಕಿ ಎಡಗೈಯನ್ನು ಚಕ್ರದಿಂದ ತೆಗೆದು, ಮೆಲ್ಲಗೆ ಮಡಿಲಲ್ಲಿ ಇಟ್ಟುಕೊಂಡಳು.