ನಲವತ್ತೊಂದು ಬೀಗರ ಲಿಂಕು

ಹಿಂದೆ ಜೀಪು. ಜೀಪಿನಿಂದ ಹೊರಚಾಚಿದ ಕೈಯಲ್ಲಿ ಟ್ರ್ಯಾಕ್ಟರ್ ಗಾಲಿ ಬಿಚ್ಚುವ ಪಾನಾ.

ನನ್ನ ಸ್ಕೂಟರು ಅರವತ್ತು ದಾಟುವುದಿಲ್ಲ... ಜೀಪು ದಾಟುತ್ತದೆ!

ಆಲಮೇಲ ಇನ್ನೂ ಮೂರು ಕಿಲೋಮೀಟರ್ ಇರುವಾಗ ಕುರಿಹಿಂಡು ಅಡ್ಡ ಬಂತು. ಕುರಿಗಳಿಗೆ ಯಾವ ಅರ್ಜೆಂಟೂ ಇರಲಿಲ್ಲ. ಬ್ರೇಕ್ ಹಾಕಿದೆ.

ನಾನು ಅಬ್ದುಲರಜಾಕ. ಇಂಡಿ ಬಸ್‌ಸ್ಟ್ಯಾಂಡ್ ಎದುರು ಇಂಟರ್ನೆಟ್ ಅಂಗಡಿ. ಕಳೆದದ್ದನ್ನು ಹುಡುಕಿಕೊಡುತ್ತೇನೆ. ಪಾಸ್‌ವರ್ಡ್, ರಿಸಲ್ಟ್, ಓಡಿಹೋದ ಪಾರ್ಟ್ನರ್... ಎರಡು ಸಾವಿರದ ಆರರ ಮೇ ತಿಂಗಳಲ್ಲಿ ಕಳೆದದ್ದು ಒಂದು ವೆಬ್‌ಸೈಟು.

ರಾವಸಾಬನದು. ಇಂಡಿಯಲ್ಲಿ ಅವನ ಲಿಂಬೆ ಸಸಿಗಳ ನರ್ಸರಿ. ಲಿಂಬೆ ಸಸಿ ಬೇಕೆಂದು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಹೋದ ವರ್ಷ ಮೊದಲ ಹೆಸರು ಅವನದೇ. ನಾಂದೇಡ, ಅನಂತಪುರದಿಂದ ಲಾರಿ ಬರುತ್ತಿದ್ದವು. ಈ ವರ್ಷ ಹದಿನಾಲ್ಕನೆಯ ಪುಟ. ಅಲ್ಲಿಗೆ ಯಾರೂ ಹೋಗುವುದಿಲ್ಲ! ಇಪ್ಪತ್ತು ಸಾವಿರ ಸಸಿ ಚೀಲದಲ್ಲೇ ನಿಂತಿದ್ದವು. ಬೇರು ಚೀಲ ಹರಿಯುತ್ತಿತ್ತು. ಜೂನ್ ಮೊದಲ ವಾರ ಶುರುವಾಗುವ ಮಿರಗದ ಮಳೆಗೆ ಮೊದಲು ಮಾರದಿದ್ದರೆ ಒಲೆಗೆ.

ಸೈಟು ತೆರೆದು ನೋಡಿದೆ.

ಅದು ಲಗ್ನಪತ್ರಿಕೆ!

ಸಸಿಯ ಫೋಟೋ ಕೆಳಗೆ ನಲವತ್ತೊಂದು ಬೀಗರು. ಮುದ್ದೇಬಿಹಾಳದ ಬಳೆ ಅಂಗಡಿ, ಬಸವನ ಬಾಗೇವಾಡಿಯ ಕಲ್ಯಾಣ ಮಂಟಪ, ಸಿಂದಗಿಯಲ್ಲಿ ತಂಗಿಯ ಗಂಡ ಶ್ರೀಶೈಲಪ್ಪನ ಟ್ರ್ಯಾಕ್ಟರ್ ಪಾರ್ಟ್ಸ್... ಎಲ್ಲರ ಸೈಟಿಗೂ ಇಲ್ಲಿಂದ ಲಿಂಕು. ಅವರ ಸೈಟುಗಳಿಂದ ಇವನಿಗೂ ಲಿಂಕು. ಮದುವೆಯಲ್ಲಿ ಮುಯ್ಯಿ ಮಾಡಿದವರಿಗೆ ತಿರುಗಿ ಮುಯ್ಯಿ ಮಾಡದಿದ್ದರೆ ಮಾತು ಬರುತ್ತದಲ್ಲ, ಹಾಗೆ. ಆ ಸೈಟುಗಳನ್ನೆಲ್ಲ ಈ ವರ್ಷ ಮಾಡಿಕೊಟ್ಟವನು ಯಾರು? ನಾನೇ!

ಇವತ್ತು ಬೆಳಿಗ್ಗೆ ನಲವತ್ತೊಂದನ್ನೂ ಎರಡೂ ಕಡೆಯಿಂದ ಕಿತ್ತೆ. ಫೋನಿನಲ್ಲಿ ಹೇಳಿದರೆ ಅಪಮಾನ, ಮನೆಗೇ ಹೋಗಿ ತಿಳಿಸು ಎಂದು ರಾವಸಾಬ ಪಟ್ಟು ಹಿಡಿದ. ಮೊದಲು ಸಿಂದಗಿಗೆ ಹೋದೆ. ಚಹಾ ಮುಗಿಯುವ ತನಕ ಎಲ್ಲ ಚೆನ್ನಾಗಿತ್ತು.

ಈಗ ಕುರಿಗಳ ನಡುವೆ ಶ್ರೀಶೈಲಪ್ಪ ಜೀಪಿನಿಂದ ಇಳಿದು ನನ್ನ ಕಾಲರ್ ಹಿಡಿದ.

"ತಂಗೀನ ಕೊಟ್ಟ ಮನಿ ಹೆಸರು ಅಳಸ್ತೀಯೇನಲೇ?"

"ಸಾಹೇಬ್ರ, ಮನಿ ಮಂದಿನ ಸಾಕ್ಷಿ ಹೇಳಿದ್ರ ಜಡ್ಜ್ ನಂಬ್ತಾನೇನ್ರಿ?"

"ನಂಬಂಗಿಲ್ಲ."

"ಸರ್ಚ್ ಇಂಜಿನ್ನೂ ಹಂಗ ರೀ. ಹೊರಗಿನವ್ರು ಹೆಸರು ಹೇಳಿದ್ರ ಕಿಮ್ಮತ್ತು. ನೀ ನನಗ, ನಾ ನಿನಗ ಅಂತ ನಲವತ್ತೊಂದು ಮಂದಿ ಹೇಳಿದ್ರ, ಇವ್ರೆಲ್ಲಾ ಕೂಡಿ ಆಟಾ ಹೂಡ್ಯಾರ ಅಂತ ಹಿಂದಕ್ಕ ನೂಕ್ತೈತಿ."

ಪಾನಾ ಇಳಿಯಲಿಲ್ಲ. ಜೀಪಿನ ಹಿಂದಿನ ಸೀಟಿನಿಂದ ಇಳಿದವಳು ಅವನ ಹೆಂಡತಿ, ರಾವಸಾಬನ ತಂಗಿ ಕಾಶಿಬಾಯಿ.

"ನಮ್ಮ ಹೆಸರು ತಗದ್ರ ನಮ್ಮಣ್ಣನ ಸಸಿ ಮಾರಿ ಹೋಗ್ತಾವೇನು?"

"ಹೋಗ್ತಾವ್ರಿ ಅಕ್ಕಾ. ಹೋಗಲಿಲ್ಲಂದ್ರ ಆ ಪಾನಾ ನೀವ ಹಿಡೀರಿ."

ಅವಳು ಗಂಡನ ಕಡೆ ತಿರುಗಿದಳು.

"ಗಾಡಿ ತಿರುಗಸ್ರಿ. ಬಿಸಲಾಗ ಕುರಿ ನಗಾಕತ್ತಾವ."

ಕಾಲರ್ ಸಡಿಲಾಯಿತು.

ಹದಿನೈದು ದಿನ. ಹದಿನಾಲ್ಕನೆಯ ಪುಟದಿಂದ ಒಂಬತ್ತು... ನಾಲ್ಕು... ಒಂದು! ನನಗೇ ಅನುಮಾನ ಬಂತು. ಬೀಗರನ್ನು ಕಿತ್ತರೆ ಕೆಳಗೆ ನೂಕುವುದು ನಿಲ್ಲುತ್ತದೆ, ಸರಿ. ಮೇಲಕ್ಕೆ ಎತ್ತಿದವರು ಯಾರು?

ಜಾಡು ಹಿಡಿದೆ. ರೈತರು ಮಾತಾಡುವ ಒಂದು ದೊಡ್ಡ ಸೈಟಿನಲ್ಲಿ ನಾಂದೇಡದ ಗಿರಾಕಿಯೊಬ್ಬ ಬರೆದಿದ್ದ. ಈ ರಾವಸಾಬ ಸೊಕ್ಕಿನ ಮನುಷ್ಯ, ಫೋನಿನಲ್ಲೇ ಬೈಯುತ್ತಾನೆ, ಆದರೆ ಅವನ ಸಸಿ ಒಂದೂ ಸಾಯಲಿಲ್ಲ. ಕೆಳಗೆ ಲಿಂಕು. ಅದನ್ನು ಓದಿ, ಅವನಿಂದ ಬೈಸಿಕೊಂಡ ಇನ್ನೂ ಆರು ಮಂದಿ ಗಿರಾಕಿಗಳು ತಮ್ಮ ತಮ್ಮ ಪುಟಗಳಲ್ಲಿ ಅವನನ್ನು ಬೈದಿದ್ದರು. ಅವರೂ ಲಿಂಕು ಕೊಟ್ಟಿದ್ದರು! ಬೈಗುಳವೋ ಹೊಗಳಿಕೆಯೋ, ಇಂಜಿನ್ನು ಕೇಳುವುದಿಲ್ಲ. ಹೊರಗಿನವರು ಹೆಸರು ಹೇಳಿದರೆ ಸಾಕು.

ರಾವಸಾಬನಿಗೆ ತೋರಿಸಿದೆ. ಮುಖ ಕೆಂಪಗಾಯಿತು. ಇವರನ್ನೂ ಕಿತ್ತುಹಾಕಿಸು ಎಂದ. ಹಾಗೆ ಮಾಡಿದರೆ ಸಸಿ ಒಲೆಗೇ ಎಂದೆ. ಅಷ್ಟರಲ್ಲಿ ಗೇಟಿನಲ್ಲಿ ಅನಂತಪುರದ ಲಾರಿ ಹಾರ್ನ್ ಹೊಡೆಯಿತು. ಗೇಟು ತೆಗೆಯಲು ಓಡಿದ.

ಮಿರಗಕ್ಕೆ ಮೊದಲೇ ಇಪ್ಪತ್ತು ಸಾವಿರವೂ ಖಾಲಿ.

ಈಗ ರಾವಸಾಬ ಬಂದ ಗಿರಾಕಿಯನ್ನು ತಪ್ಪದೆ ಬೈಯುತ್ತಾನೆ... ಮನೆಯಲ್ಲಿ ಕಂಪ್ಯೂಟರ್ ಇದ್ದವರನ್ನು ಸ್ವಲ್ಪ ಜಾಸ್ತಿ.