ಹೊನ್ನಕ್ಕನ ಹಲ್ಲಿನಲ್ಲಿ ಉಳಿದ ಸೂಜಿ

ದಾವಣಗೆರೆಯ ಡೆಂಟಲ್ ಕಾಲೇಜೊಂದಕ್ಕೆ ಲೆಕ್ಚರರ್ ಆಗಿ ಸೇರಿದ ದಿನವೇ ನಯನಾ ಎಡವಟ್ಟು ಮಾಡಿಕೊಂಡಳು. ಕ್ಲಿನಿಕ್ಕಿನ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ್ದವನನ್ನು ಪೇಷೆಂಟ್ ಎಂದುಕೊಂಡು, ಹಿಂದೆಮುಂದೆ ನೋಡದೆ ಹಲ್ಲು ಪರೀಕ್ಷಿಸತೊಡಗಿದಳು. ಸುತ್ತ ನಿಂತಿದ್ದ ವಿದ್ಯಾರ್ಥಿಗಳು ಕಿಸಕ್ಕೆಂದರು.

ಅವನು ಎದ್ದು ಕೂತು ವಿದ್ಯಾರ್ಥಿಗಳತ್ತ ನೋಡಿದ. "ನೋಡಿದ್ರಾ? ಹೆಸರು ಕೇಳಲಿಲ್ಲ, ಏನು ಮಾಡ್ತೀನಿ ಅಂತ ಹೇಳಲಿಲ್ಲ. ಬಾಯಿ ತೆಗೆದೋರಿಗೆ ಮಾತಾಡೋಕಾಗಲ್ಲ. ಅದಕ್ಕೇ ನಾವು ಮೊದ್ಲೇ ಕೇಳಬೇಕು." ಆಮೇಲೆ ಅವಳತ್ತ ತಿರುಗಿ ನಕ್ಕ. "ಸಾರಿ ಮೇಡಂ. ನಾನು ಅಶ್ವಥ್, ಎಥಿಕ್ಸ್ ಪಾಠ ಮಾಡ್ತೀನಿ. ಹಲ್ಲು ಹೆಂಗದಾವೆ?"

"ಹಲ್ಲು ಚೆನ್ನಾಗದಾವೆ. ನಾಲಿಗೇನೆ ಸ್ವಲ್ಪ ಉದ್ದ," ಎಂದಳು ನಯನಾ, ಕಿವಿಯವರೆಗೂ ಕೆಂಪಾಗಿ.

ಆ ಸಿಟ್ಟು ಬಹಳ ದಿನ ಬಾಳಲಿಲ್ಲ. ಬಿಡುವಾದಾಗಲೆಲ್ಲ ಅವಳು ಅವನ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂರತೊಡಗಿದಳು. ಅವನು ಉಪದೇಶ ಮಾಡುತ್ತಿರಲಿಲ್ಲ. "ಹೆದರಿಕೆ ಆದಾಗ ಮೊದ್ಲು ಸುಳ್ಳೇ ಬಾಯಿಗೆ ಬರೋದು, ನನಗೂ ಅಷ್ಟೆ. ಅದರ ಹಿಂದೆ ಇನ್ನೊಂದು ಮಾತು ಇರ್ತೈತೆ, ಕಾಯ್ರಿ," ಎನ್ನುತ್ತಿದ್ದ. ಹಾಗೆನ್ನುವಾಗ ಅವನ ಕಣ್ಣು ಒಮ್ಮೊಮ್ಮೆ ಹಿಂದಿನ ಬೆಂಚಿಗೂ ಬಂದು ಹೋಗುತ್ತಿತ್ತು.

ಆಗಲೇ ಹರಿಹರದ ಹೊನ್ನಕ್ಕ ಬಂದದ್ದು. ರೂಟ್ ಕೆನಾಲ್ ಮಾಡುವಾಗ ವಿದ್ಯಾರ್ಥಿನಿ ದುರ್ಗಾಳ ಕೈಯಲ್ಲಿದ್ದ ಸಣ್ಣ ಸೂಜಿಯ ತುದಿ ಹಲ್ಲಿನ ಬೇರಿನೊಳಗೇ ಮುರಿಯಿತು. ಮೇಲ್ವಿಚಾರಣೆ ನಯನಾಳದು. ವಿಭಾಗದ ಸೀನಿಯರ್ ಡಾಕ್ಟರು ಬಂದು ನೋಡಿ, ನಯನಾಳನ್ನು ಹೊರಗೆ ಕರೆದು, "ಹೇಳ್ಬ್ಯಾಡ್ರಿ, ಮುಚ್ಚಿ ಕಳಿಸ್ರಿ. ಆಕೀಗೇನು ಗೊತ್ತಾಗ್ತೈತೆ?" ಎಂದರು.

ನಯನಾ ಕಾರಿಡಾರಿನಲ್ಲಿ ಅಶ್ವಥ್‌ನನ್ನು ಹಿಡಿದಳು. "ನೀವೇ ಬಂದು ಹೇಳ್ತೀರಾ?"

"ಮಾತು ನಿಮ್ದು. ಪಕ್ಕದಾಗೆ ನಾನಿರ್ತೀನಿ."

ಅವಳು ಹೊನ್ನಕ್ಕನ ಎದುರು ಕೂತಳು. "ಅಕ್ಕಾ, ಸೂಜಿ ತುದಿ ಹಲ್ಲೊಳಗೆ ಮುರಿದೈತೆ. ತಪ್ಪು ನಮ್ದು, ಹೊಣೆ ನಂದು. ತೆಗೆಯೋಕೆ ನೋಡ್ತೀನಿ, ಹಂಗೇ ಬಿಟ್ರೆ ಕೀವಾಗಬಹುದು."

"ಇನ್ನು ನಿಮ್ಮ ಕೈಗೆ ಬಾಯಿ ಕೊಡಂಗಿಲ್ಲ!" ಹೊನ್ನಕ್ಕ ಸೆರಗು ಕೊಡವಿ ಎದ್ದು ಹೋದಳು. "ನಿಮ್ಮ ಸತ್ಯಕ್ಕೆ ಪೇಷೆಂಟೇ ಹೋದ್ಲು," ಎಂದು ಸೀನಿಯರ್ ಎಲ್ಲರೆದುರು ಚುಚ್ಚಿದರು.

ಭಾನುವಾರ ಅಶ್ವಥ್‌ನ ಬೈಕಿನಲ್ಲಿ ಇಬ್ಬರೂ ಹರಿಹರಕ್ಕೆ ಹೋದರು. ಹೊನ್ನಕ್ಕನ ಕೆನ್ನೆ ಊದಿತ್ತು.

"ಯಾಕ ಬಂದ್ರಿ?"

"ನೀವು ಬರಲಿಲ್ಲ ಅಂತ," ಎಂದಳು ನಯನಾ.

ಹೊನ್ನಕ್ಕ ಅವಳನ್ನೇ ದಿಟ್ಟಿಸಿದಳು. "ನೀನು ಮುಚ್ಚಿಟ್ಟಿದ್ರೆ ಈ ನೋವು ಯಾಕ ಅಂತ ನಂಗೆ ಗೊತ್ತೇ ಆಗ್ತಿರಲಿಲ್ಲ, ಅಲ್ಲೇನವ್ವ? ನಾಳೆ ಬರ್ತೀನಿ. ಆದ್ರೆ ನೀನೇ ತೆಗೀಬೇಕು. ಕೂಡ್ರಿ, ಚಾ ಕುಡಿದು ಹೋಗ್ರಿ."

ಹಿಂದಿರುಗುವಾಗ ಅಶ್ವಥ್ ಬೈಕನ್ನು ಹೊಳೆಯ ಕಡೆ ತಿರುಗಿಸಿದ.

"ದಾವಣಗೆರೆ ಆ ಕಡೆ ಐತಲ್ಲ?"

"ಗೊತ್ತು."

ಹೊಳೆಯ ಮೆಟ್ಟಿಲ ಮೇಲೆ ಕೂತಾಗ ಅವನು ಮೆಲ್ಲಗೆ ಹೇಳಿದ: "ಅವತ್ತು ನಿಮ್ಮ ದನಿ ನಡುಗ್ತಿತ್ತು. ಆದ್ರೂ ಒಂದು ಮಾತೂ ಮರೆಮಾಚಲಿಲ್ಲ. ಇಷ್ಟು ವರ್ಷ ಪಾಠ ಮಾಡಿದ್ದೆ. ಕಣ್ಣಾರೆ ಕಂಡಿದ್ದು ಅವತ್ತೇ."

ನಯನಾ ನೀರನ್ನೇ ನೋಡುತ್ತ ಕೇಳಿದಳು. "ನಾನು ನಿಮ್ಮ ಕ್ಲಾಸಿಗೆ ಪಾಠ ಕೇಳೋಕೆ ಬರ್ತಿದ್ದೆ ಅಂದ್ಕೊಂಡ್ರಾ?"

"ಮತ್ತೆ?"

"ನಿಮ್ಮನ್ನ ನೋಡೋಕೆ."

ಅವನ ಮುಖ ಕೆಂಪೇರಿತು. "ನೀವು ಬರದ ದಿನ ನಾನು ತಲೆನೋವು ಅಂತ ಹೇಳಿ ಕ್ಲಾಸ್ ಬೇಗ ಬಿಡ್ತಿದ್ದೆ."

"ಎಥಿಕ್ಸ್ ಮೇಷ್ಟ್ರು ಸುಳ್ಳು ಹೇಳಿದ್ರಾ!" ಅವಳು ನಕ್ಕುಬಿಟ್ಟಳು. ನಗು ನಿಂತ ಮೇಲೆ ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. "ನಾಳೆ ಸಂಜೆ ದೇವರಾಜ ಅರಸು ಬಡಾವಣೆಗೆ ಬರ್ರಿ, ನಮ್ಮನೆಗೆ. ಅಪ್ಪಂಗೆ ನಾನೇ ಹೇಳ್ತೀನಿ."

"ಏನಂತ?"

"ಇದ್ದದ್ದು ಇದ್ದಂಗೆ."